ಹಳೇ ಸ್ಟೇಷನ್ನಿನ ಬೀಗದಕೈ ಯಾರ ಹತ್ತಿರ ಇದೆ?

ಮಾನ್ಯ ರೈಲ್ವೆ ಅಧಿಕಾರಿಗಳಿಗೆ, ಮತ್ತು ಬಂಗಾರಪೇಟೆಯಿಂದ ಯಲಹಂಕದವರೆಗೆ ಲೈನಿನ ಪಕ್ಕದಲ್ಲಿರುವ ಎಲ್ಲ ಊರಿನವರಿಗೆ,

ನಮಸ್ಕಾರ.

ನಮ್ಮೂರಲ್ಲಿ ಎರಡು ರೈಲ್ವೆ ಸ್ಟೇಷನ್ ಇವೆ. ಒಂದರಲ್ಲಿ ರೈಲು ನಿಲ್ಲುತ್ತದೆ. ಇನ್ನೊಂದರಲ್ಲಿ ಮೇಕೆಗಳು ನಿಲ್ಲುತ್ತವೆ. ಈ ಪತ್ರ ಮೇಕೆಗಳ ಸ್ಟೇಷನ್ನಿನ ಬಗ್ಗೆ.

ಊರಿನ ಹೆಸರನ್ನು ಬೇಕಂತಲೇ ಹಾಕಿಲ್ಲ. ಹಾಕಿದರೆ ಇದು ಒಂದೂರಿನ ಅರ್ಜಿಯಾಗಿ ಯಾವುದೋ ಫೈಲಿನಲ್ಲಿ ಮಲಗಿಬಿಡುತ್ತದೆ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಅಂತ ಈ ಸೀಮೆಯಲ್ಲಿ ಓಡಾಡಿದವರಿಗೆ ನಾನು ಯಾವ ಥರದ ಕಟ್ಟಡದ ಬಗ್ಗೆ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಎರಡು ಕೋಣೆ. ಮುಂದೊಂದು ಜಗಲಿ. ಮೇಲೆ ಮಂಗಳೂರು ಹೆಂಚು. ಗೋಡೆಗೆ ನಮ್ಮ ಕಡೆಯದೇ ಕಲ್ಲು. ಸುಣ್ಣ ಉದುರಿದ ಕಡೆ ಆ ಕಲ್ಲು ಇವತ್ತಿಗೂ ನಿನ್ನೆ ಕಡಿದು ತಂದ ಹಾಗಿದೆ. ಹೆಂಚು ಮಾತ್ರ ಅರ್ಧಕ್ಕರ್ಧ ಹೋಗಿದೆ. ಗೋಡೆಯ ಸಂದಿಯಲ್ಲಿ ಹುಟ್ಟಿದ ಒಂದು ಅರಳಿ ಗಿಡ ಈಗ ಮರವೇ ಆಗುವ ಹಾಗಿದೆ. ಊರಿನ ಹೆಸರು ಬರೆದಿದ್ದ ಹಳದಿ ಫಲಕದಲ್ಲಿ ಕೊನೆಯ ಅಕ್ಷರ ಒಂದೇ ಉಳಿದಿದೆ.

ಮುಂದಿನ ಬಾಗಿಲಿಗೆ ದೊಡ್ಡ ಬೀಗ ಹಾಕಿದೆ. ಹಿಂದಿನ ಗೋಡೆ ಬಿದ್ದು ಎಷ್ಟೋ ಮಳೆಗಾಲ ಆಯಿತು. ಮೇಕೆ, ನಾಯಿ, ಇಸ್ಪೀಟ್ ಆಡುವ ಹುಡುಗರು ಎಲ್ಲರೂ ಅಲ್ಲಿಂದಲೇ ಹೋಗಿ ಬರುತ್ತಾರೆ. ಬೀಗ ಮಾತ್ರ ತನ್ನ ಡ್ಯೂಟಿ ಬಿಟ್ಟಿಲ್ಲ.

ಕಳೆದ ವರ್ಷ ನಾವು ಏಳೆಂಟು ಜನ ಸೇರಿದೆವು. ಒಳಗಿನ ಕಸ ತೆಗೆಯೋಣ, ಅರಳಿ ಗಿಡ ಕೀಳೋಣ, ಅದಕ್ಕೆ ಮೊದಲು ಬೀಗದಕೈ ಕೇಳೋಣ ಅಂತ ಹೊರಟೆವು. ಮೊದಲನೇ ಆಫೀಸಿನಲ್ಲಿ 'ಅದು ನಮಗೆ ಬರಲ್ಲ' ಅಂದರು. ಎರಡನೇ ಕಡೆ ಹೊಸ ಸ್ಟೇಷನ್ನಿನ ಬೀಗದಕೈ ತೋರಿಸಿ 'ನಮ್ಮ ಹತ್ತಿರ ಇರೋದು ಇದೊಂದೇ' ಅಂದರು. ಮೂರನೆಯವರು ಒಳ್ಳೆಯ ಮನುಷ್ಯರು. ಕೂರಿಸಿ ಟೀ ಕೊಟ್ಟರು. ಟೀ ಮುಗಿದ ಮೇಲೆ, 'ಆ ಕಟ್ಟಡ ಇನ್ನೂ ಇದೆಯಾ?' ಅಂತ ನಮ್ಮನ್ನೇ ಕೇಳಿದರು.

'ಸುಮ್ನೆ ಹಿಂದಿನಿಂದ ಹೋಗಿ ಕೆಲಸ ಮುಗಿಸಿ, ಯಾರು ಕೇಳ್ತಾರೆ' ಅಂತ ಬುದ್ಧಿ ಹೇಳಿದವರೂ ಇದ್ದಾರೆ. ಆದರೆ ಅಪ್ಪಣೆ ಇಲ್ಲದೆ ರೈಲ್ವೆ ಜಾಗಕ್ಕೆ ಕಾಲಿಟ್ಟರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಇದೆ. ಇಸ್ಪೀಟ್ ಹುಡುಗರಿಗೆ ಅದು ಗೊತ್ತಿಲ್ಲ, ನಮಗೆ ಗೊತ್ತಿದೆ. ಗೊತ್ತಿದ್ದದ್ದೇ ತಪ್ಪಾಯಿತು ನೋಡಿ.

'ಇನ್ನೂ ಇದೆಯಾ' ಅಂತ ಕೇಳಿದ ಆ ಸಾಹೇಬರಿಗೆ ಅವತ್ತು ಸರಿಯಾಗಿ ಉತ್ತರ ಹೇಳಲಿಲ್ಲ. ಈಗ ಹೇಳುತ್ತೇನೆ. ಅದು ಅಲ್ಲಿ ಯಾಕೆ ಬಂತು ಅನ್ನುವುದರಿಂದಲೇ ಶುರು ಮಾಡುತ್ತೇನೆ.

ನಮ್ಮ ಸೀಮೆಯ ತೆಂಕಲ ಅಂಚಿನಲ್ಲಿ 1864ರಿಂದಲೇ ದೊಡ್ಡ ರೈಲು ಓಡುತ್ತಿತ್ತು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಹೋಗುವ ಲೈನು ಅದು. ಬಂಗಾರಪೇಟೆ ಬರುವುದು ಅದೇ ದಾರಿಯಲ್ಲಿ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಲ್ಲಿ ಅದನ್ನು ಬೌರಿಂಗ್‌ಪೇಟೆ ಅನ್ನುತ್ತಿದ್ದರು. ಅಲ್ಲಿಂದ ಚಿನ್ನದ ಗಣಿಗಳ ಕಡೆಗೆ, ಮಾರಿಕುಪ್ಪಂವರೆಗೆ, 1894ರಲ್ಲಿ ಕಂಬಿ ಬಿತ್ತು. ಜಿಲ್ಲೆಯ ಕೇಂದ್ರವಾದ ಕೋಲಾರಕ್ಕೆ? ಅದು 1913ರವರೆಗೆ ಕಾಯಬೇಕಾಯಿತು. ಕೋರ್ಟು, ಕಚೇರಿ, ಆಸ್ಪತ್ರೆ ಇದ್ದ ಊರಿಗಿಂತ ಚಿನ್ನ ಇದ್ದ ಊರಿಗೆ 19 ವರ್ಷ ಮೊದಲೇ ರೈಲು ಬಂತು. ಬಂಡವಾಳ ಹಾಕಿದವರ ಲೆಕ್ಕ ಅವರದು, ಅಲ್ವಾ?

1913ರಲ್ಲಿ ಬಂದದ್ದೂ ದೊಡ್ಡ ರೈಲಲ್ಲ. ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್. ಮಿಲಿಮೀಟರಿನಲ್ಲಿ ಹೇಳುವುದಾದರೆ 762. ಬ್ರಾಡ್ ಗೇಜಿನ ಎರಡು ಕಂಬಿಗಳ ನಡುವೆ 1676 ಮಿಲಿಮೀಟರ್ ಜಾಗ ಇರುತ್ತದೆ. ಐದೂವರೆ ಅಡಿಯ ಆಳು ಕಾಲು ಚಾಚಿ ಅಡ್ಡ ಮಲಗಬಹುದು. ನಮ್ಮ ರೈಲಿನ ಕಂಬಿಗಳ ನಡುವೆ ಒಂದು ಕರು ಮುದುರಿಕೊಂಡು ಮಲಗಬಹುದಿತ್ತು, ಅಷ್ಟೇ. 1915ರಲ್ಲಿ ಆ ಕಡೆ ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಇದೇ ಅಗಲದ ಇನ್ನೊಂದು ಲೈನು ಬಂತು. ಆಮೇಲೆ ಚಿಕ್ಕಬಳ್ಳಾಪುರ ಮತ್ತು ಕೋಲಾರದ ನಡುವಿನ ಖಾಲಿ ಜಾಗಕ್ಕೂ ಕಂಬಿ ಹಾಕಿ ಎರಡನ್ನೂ ಸೇರಿಸಿದರು. ನಮ್ಮ ಸ್ಟೇಷನ್ ಹುಟ್ಟಿದ್ದು ಹೀಗೆ ಸೇರಿಸುವಾಗ.

ಅದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ, 1912ರಿಂದ 1918. ಅವರ ಹುಟ್ಟೂರು ಮುದ್ದೇನಹಳ್ಳಿ ಇರುವುದು ಚಿಕ್ಕಬಳ್ಳಾಪುರದ ಪಕ್ಕದಲ್ಲೇ. 'ದಿವಾನರು ಊರಿಗೆ ಹೋಗಿ ಬರಕ್ಕೆ ರೈಲು ಹಾಕಿಸಿಕೊಂಡರು' ಅಂತ ನಮ್ಮ ತಾತ ತಮಾಷೆ ಮಾಡುತ್ತಿದ್ದರು. ಬರೀ ತಮಾಷೆ. ಆ ಮನುಷ್ಯ ಅಂಥವರಲ್ಲ ಅಂತ ತಾತನಿಗೂ ಗೊತ್ತಿತ್ತು.

ಇಷ್ಟು ಸಣ್ಣ ಗೇಜ್ ಯಾಕೆ? ದುಡ್ಡು ಉಳಿಸುವುದಕ್ಕೆ. ಕಂಬಿಯ ತೂಕ ಕಮ್ಮಿ, ಸೇತುವೆ ಸಣ್ಣದು, ಇಂಜಿನ್ ಸಣ್ಣದು, ಬಂಡೆ ಅಡ್ಡ ಬಂದರೆ ಒಡೆಯುವ ಬದಲು ಬಳಸಿಕೊಂಡು ಹೋಗಬಹುದು. ನಮ್ಮ ಕಡೆ ಬಂಡೆಗಳಿಗೇನು ಬರವೇ? ಆದರೆ ಅವತ್ತು ಉಳಿಸಿದ ದುಡ್ಡನ್ನು ಮುಂದೆ ಹಮಾಲರ ಬೆನ್ನು ತೀರಿಸಬೇಕಾಯಿತು. ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್. ಯಲಹಂಕದಲ್ಲಿ ಮೀಟರ್ ಗೇಜ್. ನಡುವೆ ನಮ್ಮದು ನ್ಯಾರೋ. ಚಿಂತಾಮಣಿಯಲ್ಲಿ ಹತ್ತಿಸಿದ ಕಡಲೆಕಾಯಿ ಮೂಟೆ ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಸಣ್ಣ ಗಾಡಿಯಿಂದ ಇಳಿಯಬೇಕು, ದೊಡ್ಡ ಗಾಡಿಗೆ ಏರಬೇಕು. ಆ ಕಡೆ ಹೋದರೂ ಅದೇ ಪಾಡು. ಇಳಿಸಿ ಏರಿಸುವ ಕೂಲಿ, ಹರಿದ ಚೀಲ, ಚೆಲ್ಲಿದ ಕಾಳು ಎಲ್ಲವೂ ವ್ಯಾಪಾರಿಯ ತಲೆಗೆ. ಲಾರಿ ಬಂದ ಮೇಲೆ ಅವರು ರೈಲಿಗೆ ಬೆನ್ನು ಹಾಕಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ನಾನು ಆ ರೈಲನ್ನು ಕಂಡದ್ದು 1970ರ ದಶಕದಲ್ಲಿ, ಚಡ್ಡಿ ಹಾಕುವ ವಯಸ್ಸಿನಲ್ಲಿ. ಮೈಸೂರು ರೈಲ್ವೆ 1951ರಲ್ಲೇ ಸದರ್ನ್ ರೈಲ್ವೆಗೆ ಸೇರಿ ಹೋಗಿತ್ತು. ನಮ್ಮ ತಾತನ ಬಾಯಲ್ಲಿ ಮಾತ್ರ ಅದು ಇನ್ನೂ 'ಮಹಾರಾಜರ ರೈಲು'.

ಟಿಕೆಟ್ ಕೊಡುವ ಕಿಂಡಿ ನನ್ನ ಹಣೆಯ ಎತ್ತರಕ್ಕಿತ್ತು. ಕಿಂಡಿಯ ಕೆಳಗೆ ಒಂದು ಕಲ್ಲಿನ ಹಾಸು. ಅದರ ನಡುವೆ ಬಟ್ಟಲಿನ ಹಾಗೆ ಒಂದು ಸಣ್ಣ ಗುಳಿ. ಯಾರೂ ಕೆತ್ತಿದ್ದಲ್ಲ. ಚಿಲ್ಲರೆ ಕಾಸನ್ನು ತಳ್ಳಿ, ಎಳೆದು, ತಳ್ಳಿ, ಎಳೆದು ಸವೆದದ್ದು. ಆ ಗುಳಿ ಈಗಲೂ ಇದೆ. ಹೋದ ತಿಂಗಳು ಜಗಲಿಯ ಮೇಲೆ ನಿಂತು ಬೆರಳಿಟ್ಟು ನೋಡಿದೆ. ನನ್ನ ಹೆಬ್ಬೆರಳು ಸರಿಯಾಗಿ ಕೂರುತ್ತದೆ. (ಜಗಲಿಯೂ ರೈಲ್ವೆಯದೇ ಅನ್ನುವುದಾದರೆ ಅದೊಂದು ಕೇಸು ನನ್ನ ಮೇಲೆ ಹಾಕಿಕೊಳ್ಳಿ.)

ಕಿಂಡಿಯ ಆಚೆ ಗೋಡೆಗೆ ಮರದ ಒಂದು ಗೂಡು. ಅದರಲ್ಲಿ ಒಂದೊಂದು ಊರಿಗೆ ಒಂದೊಂದು ಸಾಲು ರಟ್ಟಿನ ಟಿಕೆಟ್. ಟಿಕೆಟ್ ಅಂದರೆ ಹೆಬ್ಬೆರಳಿನಷ್ಟು ಉದ್ದದ ಗಟ್ಟಿ ರಟ್ಟಿನ ತುಂಡು. ಇಂಗ್ಲೆಂಡಿನಲ್ಲಿ ಸ್ಟೇಷನ್ ಮಾಸ್ಟರಾಗಿದ್ದ ಎಡ್ಮಂಡ್ಸನ್ ಎಂಬುವನು 1830ರ ದಶಕದಲ್ಲಿ ಕಂಡುಹಿಡಿದ ಉಪಾಯ ಅದು. ಪ್ರತಿ ಟಿಕೆಟ್ಟಿಗೂ ಒಂದು ನಂಬರ್. ಸಂಜೆ ಹೊತ್ತಿಗೆ ಮೇಲುಳಿದ ಟಿಕೆಟ್ಟಿನ ನಂಬರ್ ನೋಡಿದರೆ ಎಷ್ಟು ಮಾರಿತು ಅಂತ ಲೆಕ್ಕ ಸಿಗುತ್ತಿತ್ತು. ನಮ್ಮ ಸ್ಟೇಷನ್ ಮಾಸ್ಟರು ಟಿಕೆಟ್ ಎಳೆದು ತಾರೀಖಿನ ಮಿಷನ್ನಿನ ಬಾಯಿಗೆ ತುರುಕಿದರೆ ಟಕ್ ಅಂತ ಸದ್ದು. ನನ್ನಂಥ ಅರ್ಧ ಟಿಕೆಟ್ಟಿನವರಿಗೆ ಒಂದು ಮೂಲೆ ಕತ್ತರಿಸಿ ಕೊಡುತ್ತಿದ್ದರು. ನನಗೆ ಆ ಕತ್ತರಿಸಿದ ಮೂಲೆಯೂ ಬೇಕಿತ್ತು. ಅದನ್ನು ಕೊಡುತ್ತಿರಲಿಲ್ಲ. ಯಾಕೆ ಅಂತ ಇವತ್ತಿಗೂ ಅರ್ಥ ಆಗಿಲ್ಲ.

ಗಂಟೆ ಅಂತ ಬೇರೆ ಇರಲಿಲ್ಲ. ಜಗಲಿಯ ತೊಲೆಗೆ ಕಂಬಿಯ ಒಂದು ತುಂಡು ತೂಗುಹಾಕಿದ್ದರು. ಪಕ್ಕದ ಸ್ಟೇಷನ್ನಿನಿಂದ ಗಾಡಿ ಬಿಟ್ಟಿತು ಅಂತ ಫೋನ್ ಬಂದ ಕೂಡಲೇ ಪೋರ್ಟರ್ ಅದಕ್ಕೆ ಬಾರಿಸುತ್ತಿದ್ದರು. ಒಂಟಿ ಲೈನು ನೋಡಿ. ಎದುರಿಂದ ಇನ್ನೊಂದು ಗಾಡಿ ಬರುತ್ತಿಲ್ಲ ಅಂತ ಮುಂದಿನ ಸ್ಟೇಷನ್ನಿನವರು ಹೇಳಿ ಲೈನ್ ಕ್ಲಿಯರ್ ಕೊಡುವವರೆಗೆ ಇಲ್ಲಿಂದ ಗಾಡಿ ಕದಲುವ ಹಾಗಿಲ್ಲ. ಊರಿಗೆ ಇದರ ತಂತ್ರ ಬೇಕಾಗಿರಲಿಲ್ಲ, ಸದ್ದು ಬೇಕಾಗಿತ್ತು. ಮೊದಲ ಸದ್ದಿಗೆ ಹಾಲು ಕರೆಯುವುದು, ಎರಡನೆಯದಕ್ಕೆ ನಮ್ಮನ್ನು ಸ್ಕೂಲಿಗೆ ಅಟ್ಟುವುದು. ನಮ್ಮಜ್ಜಿಗೆ ಕಿವಿ ಮಂದ ಆದ ಮೇಲೆ ದಿನಾ ಒಳಗಿನಿಂದ ಕೂಗುತ್ತಿದ್ದರು, 'ಬಂಡಿ ವಚ್ಚಿಂದಾ?' ಗಾಡಿ ಬಂತಾ ಅಂತ. ನಮ್ಮ ಕಡೆ ಮನೆಯಲ್ಲಿ ತೆಲುಗು, ಕಿಂಡಿಯಲ್ಲಿ ಕನ್ನಡ, ಟಿಕೆಟ್ಟಿನ ಮೇಲೆ ಇಂಗ್ಲಿಷು. ಯಾರಿಗೂ ತೊಂದರೆ ಆಗಿದ್ದು ನಾನು ಕಾಣೆ.

ನೀರಿನ ವಿಷಯ ಹೇಳದಿದ್ದರೆ ಕೋಲಾರದ ಕಡೆಯವರು ನನ್ನನ್ನು ಬೈಯುತ್ತಾರೆ. ಉಗಿ ಇಂಜಿನ್ನಿಗೆ ಕಲ್ಲಿದ್ದಲು ಇದ್ದರೆ ಸಾಲದು, ನೀರೂ ಬೇಕೇ ಬೇಕು. ನದಿ ಅಂತ ಹೇಳಿಕೊಳ್ಳುವಂಥದ್ದು ನಮಗಿಲ್ಲ. ಇರುವುದು ಕೆರೆಗಳು. ಸ್ಟೇಷನ್ನಿನ ಹತ್ತಿರ ಒಂದು ಬಾವಿ, ಕಲ್ಲಿನ ಕಂಬಗಳ ಮೇಲೆ ಒಂದು ಕಬ್ಬಿಣದ ತೊಟ್ಟಿ. ತೊಟ್ಟಿಯ ಮೂಲೆಯಲ್ಲಿ ಸೋರುವ ಒಂದು ಜಾಗ ಇತ್ತು. ಬೇಸಿಗೆಯಲ್ಲಿ ಅದರ ಕೆಳಗೆ ಬಿಂದಿಗೆಗಳ ಸಾಲು. ಅದನ್ನು ರಿಪೇರಿ ಮಾಡಿಸಿ ಅಂತ ಮೇಲಿನವರು ಬರೆದರೆ, ಮಾಸ್ಟರು ಆಯಿತು ಅಂತ ಬರೆದು ಕಳಿಸಿ ಸುಮ್ಮನಾಗುತ್ತಿದ್ದರು ಅಂತ ಅಮ್ಮ ಹೇಳುತ್ತಿದ್ದರು. ಆ ಮಾಸ್ಟರಿಗೆ ವರ್ಗ ಆದಾಗ ನೀರಿಗೆ ಬರುತ್ತಿದ್ದ ಹೆಂಗಸರೆಲ್ಲ ಸೇರಿ ಅವರ ಹೆಂಡತಿಗೆ ಮಡಿಲು ತುಂಬಿ ಕಳಿಸಿದರಂತೆ.

ಇನ್ನು ರೇಷ್ಮೆ ಗೂಡು. ಹುಳು ಗೂಡು ಕಟ್ಟಿದ ಮೇಲೆ ಜಾಸ್ತಿ ದಿನ ಇಟ್ಟುಕೊಳ್ಳುವ ಹಾಗಿಲ್ಲ. ಬಿಟ್ಟರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ನೂಲು ತೆಗೆಯುವುದಕ್ಕೆ ಬರುವುದಿಲ್ಲ. ಹಾಗಾಗಿ ಗೂಡು ಬಿಡಿಸಿದ ಬೆಳಿಗ್ಗೆಯೇ ಶಿಡ್ಲಘಟ್ಟದ ಕಡೆ ಓಟ. ಬೋಗಿಯಲ್ಲಿ ಕೂರುವ ಹಲಗೆಗಿಂತ ಗೂಡಿನ ಚೀಲಕ್ಕೇ ಮರ್ಯಾದೆ ಜಾಸ್ತಿ. ಅದನ್ನು ಒತ್ತುವ ಹಾಗಿಲ್ಲ, ಮೇಲೆ ಏನೂ ಇಡುವ ಹಾಗಿಲ್ಲ. ಮಗುವನ್ನಾದರೂ ನೆಲದ ಮೇಲೆ ಕೂರಿಸುತ್ತಿದ್ದರು, ಗೂಡಿನ ಚೀಲ ತೊಡೆಯ ಮೇಲೆ. ಆ ಮಗು ನಾನೇ ಆಗಿದ್ದರಿಂದ ಗ್ಯಾರಂಟಿಯಾಗಿ ಹೇಳುತ್ತಿದ್ದೇನೆ.

ರೈಲು ನಿಧಾನ, ನಿಜ. ಏರು ಬಂದರೆ ಹುಡುಗರು ಇಳಿದು, ಪಕ್ಕದಲ್ಲಿ ನಡೆದು, ಮತ್ತೆ ಹತ್ತುತ್ತಿದ್ದರು. ಬಸ್ಸು ಬಂತು. ಮನೆ ಬಾಗಿಲಲ್ಲಿ ಕೈ ತೋರಿಸಿದರೆ ನಿಲ್ಲುತ್ತಿತ್ತು. 1992ರಲ್ಲಿ ದೇಶದ ಲೈನುಗಳನ್ನೆಲ್ಲ ಒಂದೇ ಗೇಜಿಗೆ ತರುವ ಯೋಜನೆ ಶುರುವಾಯಿತು. ನಮ್ಮ ಸಣ್ಣ ಕಂಬಿಗಳನ್ನು ಕಿತ್ತರು. ಹಲವು ವರ್ಷ ನಮಗೆ ಸಣ್ಣ ರೈಲೂ ಇಲ್ಲ, ದೊಡ್ಡ ರೈಲೂ ಇಲ್ಲ. ಕೊನೆಗೆ 2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಬ್ರಾಡ್ ಗೇಜ್ ಶುರುವಾಯಿತು. ದೊಡ್ಡ ಬೋಗಿಗೆ ಎತ್ತರದ ಪ್ಲಾಟ್‌ಫಾರಂ ಬೇಕು. ನಮ್ಮೂರಲ್ಲಿ ಅದನ್ನು ಸ್ವಲ್ಪ ಆಚೆ ಕಟ್ಟಿದರು. ಹಳೆಯದಕ್ಕೆ ಬೀಗ ಹಾಕಿದರು.

ಇದೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಣ್ಣ ರೈಲೇ ಚೆನ್ನಾಗಿತ್ತು ಅನ್ನುವವರು ಅದರಲ್ಲಿ ಬಾಣಂತಿಯನ್ನು ಕರೆದುಕೊಂಡು ಕೋಲಾರದ ಆಸ್ಪತ್ರೆಗೆ ಹೋಗಿ ನೋಡಬೇಕಿತ್ತು. ಗೇಜ್ ಬದಲಾದದ್ದು ಒಳ್ಳೆಯದೇ. ನನ್ನ ತಕರಾರು ಬೀಗದ ಬಗ್ಗೆ ಮಾತ್ರ.

ಹಳೆಯ ಕಟ್ಟಡ ಉಳಿಸುವುದು ರೈಲ್ವೆಗೆ ಬರುವುದಿಲ್ಲ ಅಂತಲೂ ಅಲ್ಲ. ಇದೇ ಲೈನಿನ ನಂದಿ ಹಾಲ್ಟ್ ನೋಡಿ. ಹಳೆಯ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯವರೂ ರೈಲ್ವೆಯವರೂ ಸೇರಿ ಅದನ್ನು ರಿಪೇರಿ ಮಾಡಿದರು. ಶಿವಮೊಗ್ಗ–ತಾಳಗುಪ್ಪ ಲೈನಿನ ಅರಸಾಳು ನೋಡಿ. ಅಲ್ಲಿಯೂ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದು, ಹಳೇ ಸ್ಟೇಷನ್ ಹಾಳು ಬಿದ್ದಿತ್ತು. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಅಲ್ಲಿ ಶೂಟಿಂಗ್ ಮಾಡಿದ್ದರು ಅನ್ನುವ ಕಾರಣಕ್ಕೆ 2020ರಲ್ಲಿ ಅದು ಮ್ಯೂಸಿಯಂ ಆಯಿತು. ನೋಡಿ ಬಂದೆ. ಖುಷಿ ಆಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಂದಿಗೆ ಬೆಟ್ಟ ಇದೆ. ಅರಸಾಳಿಗೆ ಶಂಕರ್ ನಾಗ್ ಇದ್ದಾರೆ. ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣಕ್ಕೆ ಅಂತ 2021ರಲ್ಲಿ ಹೊಸ ಹಾಲ್ಟ್ ಸ್ಟೇಷನ್ನೇ ಬಂತು, ಅದಕ್ಕೆ ವಿಮಾನ ಇದೆ. ನಮ್ಮ ಸ್ಟೇಷನ್ನಿಗೆ ಯಾರೂ ಇಲ್ಲ. ಅಲ್ಲಿ ಯಾವ ಸಿನಿಮಾದ ನಾಯಕಿಯೂ ರೈಲು ಇಳಿಯಲಿಲ್ಲ. ಯಾವ ದೊಡ್ಡ ಮನುಷ್ಯರೂ ಭಾಷಣ ಮಾಡಲಿಲ್ಲ. ಅಲ್ಲಿ ಆದದ್ದು ಕಡಲೆಕಾಯಿ, ರೇಷ್ಮೆ ಗೂಡು, ಬಿಂದಿಗೆ, ಅರ್ಧ ಟಿಕೆಟ್ಟು. ಈ ಲೈನಿನ ಬಹುಪಾಲು ಜನಕ್ಕೆ ರೈಲು ಅಂದರೆ ಇಷ್ಟೇ ಆಗಿತ್ತು. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಮಹಾರಾಣಿಯವರು ಓಡಾಡುತ್ತಿದ್ದ ಸಲೂನ್ ಬೋಗಿಯನ್ನು ಚೆನ್ನಾಗಿ ಇಟ್ಟಿದ್ದಾರೆ. ಇಡಲಿ, ಇಡಬೇಕಾದದ್ದೇ. ಥರ್ಡ್ ಕ್ಲಾಸಿನವರ ಕಾಸು ಸವೆಸಿದ ಕಲ್ಲಿಗೂ ಒಂದು ಸೂರು ಕೇಳುತ್ತಿದ್ದೇನೆ.

ಕೇಳುವುದೂ ಜಾಸ್ತಿ ಇಲ್ಲ. ಕೋಟಿ ಕೊಡಿ ಅನ್ನುತ್ತಿಲ್ಲ. ಗ್ರಾನೈಟ್ ಹಾಕಿ, ಕಾರಂಜಿ ಮಾಡಿ, ಸೆಲ್ಫಿ ಪಾಯಿಂಟ್ ಮಾಡಿ ಅಂತ ಖಂಡಿತ ಕೇಳುತ್ತಿಲ್ಲ. ಹಾಗೇನಾದರೂ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಕಟ್ಟಡವನ್ನು ಕೆಡವಬೇಡಿ. ಅರಳಿ ಗಿಡವನ್ನು ಬೇರು ಸಮೇತ ತೆಗೆಯಲು ಬಿಡಿ, ಇನ್ನೆರಡು ಮಳೆ ಕಳೆದರೆ ಅದೇ ಗೋಡೆಯನ್ನು ಸೀಳುತ್ತದೆ. ಹೆಂಚು ನಾವು ಹೊಂದಿಸುತ್ತೇವೆ. ಬಾಡಿಗೆಗೋ ಕರಾರಿಗೋ, ನಿಮ್ಮ ನಿಯಮ ಏನಿದೆಯೋ ಅದರಂತೆ ಪಂಚಾಯಿತಿಗೆ ಕೊಡಿ. ಒಂದು ಕೋಣೆಯಲ್ಲಿ ಪೇಪರ್, ಪುಸ್ತಕ ಇಡೋಣ. ಇನ್ನೊಂದು ಕೋಣೆಯಲ್ಲಿ ಈ ಲೈನಿನ ಹಳೆಯ ಸಾಮಾನು ಇಡೋಣ.

ಸಾಮಾನು ಎಲ್ಲಿಂದ ತರುತ್ತೀರಿ ಅಂತ ಕೇಳಬೇಡಿ. ಅದಕ್ಕೆ ಊರಿನವರ ಜೊತೆ ಸ್ವಲ್ಪ ಮಾತಾಡಬೇಕು.

ಅಣ್ಣಂದಿರಾ, ಅಕ್ಕಂದಿರಾ, ಪ್ಲಾಟ್‌ಫಾರಂನ ಚಪ್ಪಡಿಗಳು ತಾವಾಗಿ ನಡೆದು ಹೋಗಲಿಲ್ಲ. ಯಾರ ದನದ ಕೊಟ್ಟಿಗೆಯಲ್ಲಿ ಎಷ್ಟಿವೆ ಅಂತ ಬೀದಿಗೆಲ್ಲ ಗೊತ್ತು. ನಾನೇ ಮೊದಲು ಹೇಳಿಬಿಡುತ್ತೇನೆ: ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಸ್ಟೇಷನ್ನಿನದು. 30 ವರ್ಷದಿಂದ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದೇವೆ. ಬಾಗಿಲು ತೆರೆದ ದಿನ ಅದನ್ನು ತಂದು ಇದ್ದ ಜಾಗದಲ್ಲಿ ಇಡುತ್ತೇನೆ. ಮನೆಯಲ್ಲಿ ಹೇಳಿದ್ದೇನೆ. ಬೈಗುಳವೂ ಆಯಿತು. ಗಂಟೆಯ ಕಂಬಿ ತುಂಡು ಯಾರ ಮನೆಯ ದೊಡ್ಡಿ ಬಾಗಿಲಿಗೆ ಅಗುಳಿ ಆಗಿದೆ ಅನ್ನುವುದೂ ನನಗೆ ಗೊತ್ತು. ಹೆಸರು ಹೇಳುವುದಿಲ್ಲ. ಅವರಾಗಿಯೇ ತರುತ್ತಾರೆ.

ಟಿಕೆಟ್ ಇಟ್ಟುಕೊಂಡವರು ಇರುತ್ತಾರೆ. ಹಳೇ ಟ್ರಂಕಿನಲ್ಲಿ, ದೇವರ ಪಟದ ಹಿಂದೆ, ಪಂಚಾಂಗದ ನಡುವೆ ನೋಡಿ. ಗ್ಯಾಂಗ್‌ಮನ್, ಪೋರ್ಟರ್, ಗೇಟಿನವರು, ಇವರ ಮನೆಗಳಲ್ಲಿ ದೀಪ, ಬಾವುಟ, ಬಿಲ್ಲೆ ಏನಾದರೂ ಉಳಿದಿರಬಹುದು. ಅದಕ್ಕಿಂತ ಮುಖ್ಯವಾಗಿ ಆ ಮನೆಗಳಲ್ಲಿ 80 ದಾಟಿದವರು ಇದ್ದರೆ ಈಗಲೇ ಕೂರಿಸಿ ಮಾತಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾನು ನಮ್ಮ ಅಮ್ಮನನ್ನು ಕೇಳುವುದು ತಡ ಮಾಡಿದೆ. ತೊಟ್ಟಿ ಸೋರಲು ಬಿಟ್ಟ ಆ ಮಾಸ್ಟರ ಹೆಸರು ಏನು ಅಂತ ಕೇಳಬೇಕು ಅಂದುಕೊಳ್ಳುತ್ತಲೇ ಇದ್ದೆ. ಈಗ ಕೇಳುವುದಕ್ಕೆ ಅಮ್ಮ ಇಲ್ಲ. ನೀರಿಗೆ ಬರುತ್ತಿದ್ದ ಆ ಹೆಂಗಸರಲ್ಲಿ ಇಬ್ಬರು ಇದ್ದಾರೆ. ಒಬ್ಬರು 'ಮಾಸ್ಟ್ರು' ಅನ್ನುತ್ತಾರೆ, ಇನ್ನೊಬ್ಬರು 'ಕನ್ನಡಕದವರು' ಅನ್ನುತ್ತಾರೆ. ಕೆಲಸ ಮಾಡಿದವರ ಪಟ್ಟಿ ರೈಲ್ವೆಯ ಹಳೇ ದಾಖಲೆಗಳಲ್ಲಿ ಸಿಗುವುದಾದರೆ ಅದನ್ನೂ ಹುಡುಕಿಸಿ ಕೊಡಿ ಸ್ವಾಮಿ. ಕೋಣೆಯ ಗೋಡೆಯ ಮೇಲೆ ಆ ಒಂದು ಹೆಸರು ಬರೆಸಬೇಕು.

ಸದ್ಯಕ್ಕೆ ಬೀಗದಕೈ ಯಾರ ಹತ್ತಿರ ಇದೆ ಅನ್ನುವುದನ್ನು ತಿಳಿಸಿ. ಯಾರ ಹತ್ತಿರವೂ ಇಲ್ಲ ಅನ್ನುವುದಾದರೆ, ಬೀಗ ಒಡೆಯಬಹುದು ಅಂತ ಎರಡು ಸಾಲು ಬರೆದು ಸೀಲು ಹಾಕಿ ಕಳಿಸಿ. ಒಡೆಯುವಾಗ ನಿಮ್ಮ ಕಡೆಯವರು ಒಬ್ಬರು ಬಂದು ನಿಂತರೆ ಒಳ್ಳೆಯದು. ಮಚ್ಚು, ಗುದ್ದಲಿ, ಪೊರಕೆ, ಮಂಕರಿ ನಮ್ಮದು. ಭಾನುವಾರ ಆದರೆ ಅನುಕೂಲ, ಹುಡುಗರೂ ಸಿಗುತ್ತಾರೆ. ಇಸ್ಪೀಟ್ ಹುಡುಗರನ್ನೂ ಒಪ್ಪಿಸಿದ್ದೇನೆ.

ಇಂತಿ,
ಹಳೇ ಸ್ಟೇಷನ್ ಬೀದಿಯ ಒಬ್ಬ ನಿವಾಸಿ